ಹಡಗಿನ ಹೊಟ್ಟೆ

ಸಂಜೆ ಪಣಂಬೂರಿನ ಕಡಲ ದಂಡೆಗೆ ಗಾಳಿ ಸೇವಿಸಲು ಬರುವ ಸಂಸಾರಗಳಿಗೆ, ದೂರದಲ್ಲಿ ಲಂಗರು ಹಾಕಿ ನಿಂತ ನೌಕೆಗಳನ್ನು ಎಣಿಸುವುದೊಂದು ವಿನೋದ. ಮಕ್ಕಳ ಕಣ್ಣಿಗೆ ಅವೆಲ್ಲವೂ ‘ಹಡಗು’. ದೊಡ್ಡವರ ಕಣ್ಣಿಗೂ ಅಷ್ಟೆ. ಆದರೆ ಮನೆಯಲ್ಲಿ ಉಪ್ಪಿನಕಾಯಿಗೆ ಭರಣಿ, ಅಕ್ಕಿಗೆ ಡಬ್ಬ, ನೀರಿಗೆ ಹಂಡೆ ಎಂದು ಪಾತ್ರೆಗಳು ಬೇರೆ ಬೇರೆಯಾಗಿರುವಂತೆ ಸಮುದ್ರದ ಮೇಲಣ ಸರಕಿಗೂ ಪಾತ್ರೆಗಳು ಬೇರೆ ಬೇರೆ. ನೌಕೆಯ ಜಾತಿಯನ್ನು ಅರಿಯಬೇಕಾದರೆ ಅದರ ಮುಖವನ್ನಲ್ಲ, ಹೊಟ್ಟೆಯನ್ನು ನೋಡಬೇಕು.

ತೈಲದ ಹಡಗನ್ನೇ ತೆಗೆದುಕೊಳ್ಳಿ. ಅಗಲವಾದ ತಟ್ಟೆಯಲ್ಲಿ ಸಾರನ್ನು ತುಂಬಿಕೊಂಡು ಅಡಿಗೆಮನೆಯಿಂದ ಪಡಸಾಲೆಯವರೆಗೆ ನಡೆದವರಿಗೆ ಅದರ ರಚನೆಯ ಗುಟ್ಟು ಸುಲಭವಾಗಿ ತಿಳಿದೀತು. ತಟ್ಟೆ ಒಂದಿಷ್ಟು ವಾಲಿದರೆ ಸಾರೆಲ್ಲ ಅತ್ತಲೇ ಓಡಿ, ವಾಲುವಿಕೆಯನ್ನು ಇಮ್ಮಡಿಸುತ್ತದೆ. ಆದುದರಿಂದಲೇ ತೈಲದ ಹಡಗಿನ ಒಡಲನ್ನು ಉದ್ದಕ್ಕೂ ಅಡ್ಡಕ್ಕೂ ಗೋಡೆಗಳನ್ನೆಬ್ಬಿಸಿ ಹಲವು ತೊಟ್ಟಿಗಳಾಗಿ ಒಡೆದಿರುತ್ತಾರೆ. ೧೯೮೯ರಲ್ಲಿ ‘ಎಕ್ಸಾನ್ ವಾಲ್ಡೀಜ್’ ಎಂಬ ನೌಕೆ ಅಲಾಸ್ಕದ ಬಂಡೆಗೆ ಬಡಿದು ಸುಮಾರು ೧ ಕೋಟಿ ೧೦ ಲಕ್ಷ ಗ್ಯಾಲನ್ ತೈಲವನ್ನು ಕಡಲಿಗೆ ಚೆಲ್ಲಿದ ಮೇಲೆ ಇಂಥ ಹಡಗುಗಳಿಗೆ ಒಂದರೊಳಗೊಂದು ಎರಡು ಚರ್ಮಗಳಿರಬೇಕೆಂಬ ನಿಯಮ ಬಂದಿತು. ಅನಿಲವನ್ನು ಸಾಗಿಸುವ ನೌಕೆಯದು ಇನ್ನೂ ಸೋಜಿಗ. ನೈಸರ್ಗಿಕ ಅನಿಲವನ್ನು ಸೊನ್ನೆಗಿಂತ ೧೬೨ ಡಿಗ್ರಿ ಕೆಳಗೆ ತಣಿಸಿ ದ್ರವವಾಗಿಸಿ ಒಯ್ಯುತ್ತಾರೆ. ದಾರಿಯಲ್ಲಿ ಆವಿಯಾಗುವ ಪಾಲನ್ನು ವ್ಯರ್ಥಗೊಳಿಸದೆ ಎಂಜಿನ್ನಿಗೇ ಉಣಿಸುವುದೂ ಉಂಟು.

ಪೆಟ್ಟಿಗೆಗಳನ್ನು ಅಟ್ಟಿಯಾಗಿ ಹೇರಿಕೊಂಡು ಸಾಗುವ ಕಂಟೇನರ್ ಹಡಗಿನಷ್ಟು ನೀರಸ ರೂಪ ಕಡಲಿನ ಮೇಲೆ ಬೇರೊಂದಿಲ್ಲ. ಆದರೆ ವ್ಯಾಪಾರದ ಗತಿಯನ್ನು ಅದರಷ್ಟು ಬದಲಿಸಿದುದೂ ಬೇರೊಂದಿಲ್ಲ. ೧೯೫೬ರ ಏಪ್ರಿಲ್ ೨೬ರಂದು ಅಮೆರಿಕದ ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಹೊರಟ ‘ಐಡಿಯಲ್ ಎಕ್ಸ್’ ಹೊತ್ತುದು ಕೇವಲ ೫೮ ಪೆಟ್ಟಿಗೆಗಳನ್ನು. ಅದೂ ಹಳೆಯ ತೈಲದ ಹಡಗೊಂದನ್ನು ತಿದ್ದಿ ಮಾಡಿದ್ದು. ಇಂದಿನ ದೊಡ್ಡ ಹಡಗುಗಳ ಲೆಕ್ಕ ಇಪ್ಪತ್ತು ಸಾವಿರವನ್ನು ದಾಟಿದೆ. ಮೂಟೆ ಹೊರುತ್ತಿದ್ದ ಕೂಲಿಗಳ ಬೆನ್ನು ಉಳಿಯಿತು. ಅವರ ಕೂಲಿ ಉಳಿಯಲಿಲ್ಲ.

ಇವುಗಳ ಸೇವೆಗೆ ನಿಂತ ಕಿರಿಯರೂ ಉಂಟು: ಬಂದರಿನ ಹೂಳೆತ್ತುವ ಹಡಗು, ದೈತ್ಯರನ್ನು ದಕ್ಕೆಗೆ ನೂಕಿ ಎಳೆದು ತರುವ ಟಗ್ಗು, ದಾರಿ ತೋರುವವನನ್ನು ಕರೆದೊಯ್ಯುವ ದೋಣಿ. ಮಂಗಳೂರಿನ ಹಳೆಯ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿಗಳನ್ನು ಹೊರುವ ಮಂಜಿಗಳನ್ನೂ ಮರೆಯಬಾರದು. ಮಳೆಗಾಲದಲ್ಲಿ ಅವು ಸಂಚಾರವನ್ನು ನಿಲ್ಲಿಸಿ ದಡ ಸೇರುತ್ತವೆ. ಆ ವಿವೇಕ ದೊಡ್ಡ ಹಡಗುಗಳಿಗೆ ಸದಾ ಇರುವುದಿಲ್ಲ.

ಅದಿರು, ಕಲ್ಲಿದ್ದಲು, ಗೋಧಿಗಳನ್ನು ಮೂಟೆ ಕಟ್ಟದೆ ಹಾಗೆಯೇ ಒಡಲಿಗೆ ಸುರಿದುಕೊಳ್ಳುವ ಹಡಗುಗಳನ್ನು ನೋಡಿದರೆ ಇವುಗಳಷ್ಟು ನಿರಪಾಯಕಾರಿ ಬೇರಿಲ್ಲವೆನಿಸುತ್ತದೆ. ಬೆಂಕಿ ಹಿಡಿಯದ, ಸೋರದ, ಸಿಡಿಯದ ಕಬ್ಬಿಣದ ಅದಿರಿನಿಂದ ಏನು ಭಯ? ಮಿತಿಮೀರಿ ಹೇರದಂತೆ ಪಕ್ಕೆಯ ಮೇಲೆ ಗುರುತಿರುತ್ತದೆ. ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಸದಸ್ಯ ಹಟ ಹಿಡಿದು ಹೋರಾಡಿದುದರ ಫಲವಾಗಿ ೧೮೭೬ರಲ್ಲಿ ಕಡ್ಡಾಯವಾದ ಗುರುತು ಅದು. ಆದರೆ ಆ ಗೆರೆ ಹೇಳುವುದು ಭಾರವನ್ನು ಮಾತ್ರ, ತೇವವನ್ನಲ್ಲ.

ಕಡಲಂಚಿನ ಒದ್ದೆ ಮರಳಿನ ಮೇಲೆ ನಿಂತು ಮಕ್ಕಳು ಒಂದೇ ಸಮನೆ ಕಾಲು ಕುಟ್ಟುವುದನ್ನು ನೋಡಿರಬಹುದು. ಗಟ್ಟಿಯಾಗಿದ್ದ ಮರಳು ನೋಡನೋಡುತ್ತ ಮೊಸರಿನಂತೆ ಅದುರತೊಡಗುತ್ತದೆ, ನೀರು ಮೇಲಕ್ಕೆ ಜಿನುಗುತ್ತದೆ. ತೇವಗೊಂಡ ಅದಿರಿನ ಪುಡಿಯ ಸಂಗತಿಯೂ ಇದೇ. ಎಂಜಿನ್ನಿನ ನಡುಕಕ್ಕೂ ಅಲೆಗಳ ತೂಗಾಟಕ್ಕೂ ಕಣಗಳು ಒತ್ತೊತ್ತಾಗಿ ಕೂಡುತ್ತವೆ. ನಡುವಣ ನೀರಿಗೆ ಎಡೆಯಿಲ್ಲದಾಗಿ ಕಣಗಳ ಭಾರವನ್ನೆಲ್ಲ ಅದೇ ಹೊರಬೇಕಾಗುತ್ತದೆ. ಆ ಗಳಿಗೆಯಲ್ಲಿ ರಾಶಿ ರಾಶಿಯಾಗಿ ಉಳಿಯುವುದಿಲ್ಲ, ಕೆಸರಾಗಿ ಹರಿಯುತ್ತದೆ. ಹಡಗು ಎಡಕ್ಕೆ ವಾಲಿದಾಗ ಎಡಕ್ಕೆ ಹರಿದುದು ಬಲಕ್ಕೆ ವಾಲಿದಾಗ ಪೂರ್ತಿಯಾಗಿ ಮರಳುವುದಿಲ್ಲ. ತೈಲದ ಹಡಗಿಗೆ ಗೋಡೆಗಳ ರಕ್ಷೆಯುಂಟು. ಇದರ ವಿಶಾಲವಾದ ಒಡಲಿಗೆ ಅದಿಲ್ಲ.

೨೦೦೯ರ ಜುಲೈ ತಿಂಗಳಲ್ಲಿ, ಮಳೆಯ ಭರಾಟೆಯ ನಡುವೆ, ಅದಿರಿನ ಪುಡಿಯನ್ನು ತುಂಬಿಕೊಂಡು ಮಂಗಳೂರಿನಿಂದ ಚೀನಕ್ಕೆ ಹೊರಟ ‘ಏಷ್ಯನ್ ಫಾರೆಸ್ಟ್’ ಈ ಕರಾವಳಿಯ ಸಮೀಪದಲ್ಲಿಯೇ ಒಂದು ಮಗ್ಗುಲಿಗೆ ಒರಗಿ ಮುಳುಗಿತು. ಅದರಲ್ಲಿದ್ದ ೧೮ ಮಂದಿಯೂ ಬದುಕಿದುದು ಭಾಗ್ಯ. ಸೆಪ್ಟೆಂಬರಿನಲ್ಲಿ ಒಡಿಶಾದ ಪಾರಾದೀಪದ ಬಳಿ ‘ಬ್ಲ್ಯಾಕ್ ರೋಸ್’ ಹಡಗು ಅಂಥದೇ ಸರಕಿನೊಡನೆ ತಳ ಸೇರಿತು. ೨೦೧೦ರ ಕೊನೆಯಲ್ಲಿ ಇಂಡೋನೇಷ್ಯದ ನಿಕಲ್ ಅದಿರನ್ನು ಹೊತ್ತ ಮೂರು ಹಡಗುಗಳು ಕೆಲವೇ ವಾರಗಳ ಅಂತರದಲ್ಲಿ ಮುಳುಗಿದಾಗ ೪೪ ಜನ ನಾವಿಕರು ಮರಳಲಿಲ್ಲ.

೨೦೧೧ರ ಜನವರಿ ೧ರಿಂದ ಇಂಥ ಸರಕಿನ ತೇವದ ಮಿತಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ದೃಢಪತ್ರ ಕೊಡಬೇಕೆಂಬ ಅಂತರರಾಷ್ಟ್ರೀಯ ನಿಯಮ ಕಡ್ಡಾಯವಾಗಿದೆ. ಪತ್ರವನ್ನು ಒದಗಿಸಬೇಕಾದವನು ಸರಕಿನ ಒಡೆಯ. ಜೀವವನ್ನು ಒಡ್ಡಬೇಕಾದವರು ನಾವಿಕರು. ಪತ್ರಕ್ಕೆ ಸಹಿ ಬಿದ್ದ ಮೇಲೆಯೂ ದಕ್ಕೆಯ ಬಯಲಿನ ರಾಶಿಯ ಮೇಲೆ ಮಳೆ ಸುರಿಯಬಹುದು. ಹೇರುವುದನ್ನು ತಡೆದರೆ ದಿನಕ್ಕಿಷ್ಟೆಂದು ಬಾಡಿಗೆ ಏರುತ್ತದೆ, ದಡದಿಂದ ಒತ್ತಾಯ ಬರುತ್ತದೆ.

ಸಂಶಯಗೊಂಡ ಕಪ್ತಾನನಿಗೆ ಉಳಿದಿರುವ ಸಾಧನ ಒಂದು ಸಣ್ಣ ತಗಡಿನ ಡಬ್ಬಿ. ಅದರ ಅರ್ಧದಷ್ಟು ಅದಿರನ್ನು ತುಂಬಿ, ಗೇಣಿನಷ್ಟು ಮೇಲಿನಿಂದ ಗಟ್ಟಿ ನೆಲಕ್ಕೆ ೨೫ ಸಲ ಕುಟ್ಟಿ ನೋಡಬೇಕು. ಮೇಲ್ಮೈಯಲ್ಲಿ ನೀರು ಒಸರಿದರೆ ಹೇರುವುದನ್ನು ನಿಲ್ಲಿಸಿ ಮತ್ತೆ ಪ್ರಯೋಗಾಲಯದ ಪರೀಕ್ಷೆಯಾಗಲೆಂದು ಕೇಳಬಹುದು. ಒಸರದಿದ್ದರೆ ಸರಕು ಸುರಕ್ಷಿತವೆಂದು ಅರ್ಥವಲ್ಲ. ಆಗಲೂ ಡಬ್ಬಿಯನ್ನು ಹಿಡಿದುಕೊಂಡು ಅವನು ಮುಂದಿನ ರಾಶಿಯತ್ತ ನಡೆಯಬೇಕು.