ಹಣ್ಣಾಗಲಿ ಎಂದು ಕಾಯಲು ಕಣ್ಣೇನು ಹಲಸಿನಕಾಯಿಯೇ?

ಮಳೆ ಕಳೆಯಲಿ, ಹಬ್ಬ ಮುಗಿಯಲಿ, ಪೊರೆ ಹಣ್ಣಾಗಲಿ. ಸಾಲಿಗ್ರಾಮ, ಕೋಟ, ಸಾಸ್ತಾನದ ಮನೆಗಳಲ್ಲಿ ಕಣ್ಣು ಮಂಜಾದ ಹಿರಿಯರಿಗೆ ಸಿಗುವ ವಾಯಿದೆಗಳು ಈ ಮೂರು. ಮಳೆ ಹೇಗೂ ಕಳೆಯುತ್ತದೆ. ಜನವರಿಯಲ್ಲಿ ಗುರುನರಸಿಂಹ ದೇವರ ರಥವನ್ನೂ ಎಳೆದಾಗುತ್ತದೆ. ಆದರೆ ಪೊರೆ? "ಇನ್ನೂ ಹಣ್ಣಾಯ್ಲಿಲ್ಲ ಅಂಬ್ರ್" ಎಂಬ ಉತ್ತರ ಮಾತ್ರ ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ. ಅಷ್ಟರಲ್ಲಿ ಅಜ್ಜಿ ಅಂಗಳದ ಮೆಟ್ಟಿಲು ತಪ್ಪಿ ಸೊಂಟ ಮುರಿದುಕೊಂಡರೆ, ಆಗ ಎಲ್ಲರಿಗೂ ಗಡಿಬಿಡಿ!

ಕಣ್ಣಿನ ಬಗ್ಗೆ ನಮ್ಮಲ್ಲಿರುವ ತಪ್ಪು ತಿಳುವಳಿಕೆಗಳ ಪಟ್ಟಿ ಮಾಡಹೊರಟರೆ ಈ ಪುಟ ಸಾಲದು. ಆದರೆ ಅವುಗಳಲ್ಲಿ ಹೆಚ್ಚಿನವುಗಳ ಬುಡದಲ್ಲಿರುವುದು ಒಂದೇ ಮಾತು: "ಈಗೆಂತ ಅವಸರ, ಕಾಂಬ." ಕಾಣುವ ಕಣ್ಣೇ ಹೋದ ಮೇಲೆ ಕಾಂಬುದು ಯಾವುದರಲ್ಲಿ?

ಮಾತು ಹುಟ್ಟಿಸಿದವರು ಡಾಕ್ಟರರೇ

ಪೊರೆ ಹಣ್ಣಾಗಬೇಕು ಎಂಬುದನ್ನು ಅಜ್ಜಿಯಂದಿರು ಹುಟ್ಟಿಸಿದ್ದಲ್ಲ. ಒಂದು ಕಾಲದಲ್ಲಿ ಅದು ಡಾಕ್ಟರರದ್ದೇ ಮಾತು, ಮತ್ತು ಆ ಕಾಲಕ್ಕೆ ಸರಿಯಾದ ಮಾತು. ಆಗ ಕಣ್ಣೊಳಗಿನ ಮಸೂರವನ್ನು ಇಡಿಯಾಗಿ ತೆಗೆಯುತ್ತಿದ್ದರು. ಅದರ ಜಾಗಕ್ಕೆ ಇಡಲು ಬೇರೆ ಮಸೂರ ಇರಲಿಲ್ಲ. ರೋಗಿ ದಿನಗಟ್ಟಲೆ ಅಲುಗಾಡದೆ ಮಲಗಬೇಕು, ಆಮೇಲೆ ಬದುಕಿರುವವರೆಗೂ ಸೋಡಾಬುಡ್ಡಿ ಕನ್ನಡಕ. ಆ ಕನ್ನಡಕದಲ್ಲಿ ಎದುರಿನ ಮನುಷ್ಯ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತಿದ್ದ. ಒಂದು ಕಣ್ಣಿಗೆ ದೊಡ್ಡದು, ಆಪರೇಶನ್ ಆಗದ ಇನ್ನೊಂದು ಕಣ್ಣಿಗೆ ಸಣ್ಣದು! ಹೀಗಾಗಿ ದೃಷ್ಟಿ ತೀರಾ ಹೋಗುವವರೆಗೆ ಕಾಯುವುದೇ ಲೇಸು ಎನ್ನುತ್ತಿದ್ದರು.

ಅಂಥ ಕಾಲದಲ್ಲೇ ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ ಶಿಬಿರ ಹೂಡಿ ಸಾವಿರಾರು ಬಡವರಿಗೆ ಕಣ್ಣು ಕೊಟ್ಟರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆ ಆಪರೇಶನ್ ಮಾಡಿದ್ದು ದಾಖಲೆಯಾಗಿ ಉಳಿದಿದೆ. ಕೇಂದ್ರ ಸರಕಾರ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಶುರು ಮಾಡಿದ್ದು 1976ರಲ್ಲಿ. ಶಿಬಿರ, ಹಸಿರು ಬಟ್ಟೆಯ ಪಟ್ಟಿ, ದಪ್ಪ ಕನ್ನಡಕ - ಹಿರಿಯರ ನೆನಪಿನಲ್ಲಿ ಗಟ್ಟಿಯಾಗಿ ಕೂತಿರುವ ಚಿತ್ರ ಇದು.

ಆದರೆ ಕಾಲ ಅಲ್ಲೇ ನಿಂತಿಲ್ಲವಲ್ಲ! ಕಣ್ಣೊಳಗೆ ಕೃತಕ ಮಸೂರ ಇಡುವ ಕೆಲಸವನ್ನು ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಎಂಬ ಡಾಕ್ಟರರು 1949ರಲ್ಲೇ ಮಾಡಿದ್ದರು. ಅದು ನಮ್ಮ ಬಡವರ ಕೈಗೆಟುಕಲು ದಶಕಗಳು ಬೇಕಾದವು. ಮದುರೈಯ ಅರವಿಂದ ಕಣ್ಣಾಸ್ಪತ್ರೆಯವರು 1992ರಲ್ಲಿ ತಮ್ಮದೇ ಕಾರ್ಖಾನೆ ಹಾಕಿ ಕಡಿಮೆ ಬೆಲೆಗೆ ಮಸೂರ ತಯಾರಿಸತೊಡಗಿದರು. ಈಗ ಎರಡು ಮೂರು ಮಿಲಿಮೀಟರಿನ ಸಣ್ಣ ಗಾಯ ಮಾಡಿ, ಪೊರೆಯನ್ನು ಪುಡಿ ಮಾಡಿ ಹೀರಿ ತೆಗೆದು, ಮಸೂರ ಕೂರಿಸುತ್ತಾರೆ. ಹೆಚ್ಚಿನವರು ಅದೇ ದಿನ ಮನೆಗೆ. ಮಳೆಗಾಲ, ಬೇಸಗೆ ಎಂಬ ಭೇದವೂ ಇಲ್ಲ. ಆಪರೇಶನ್ ನಡೆಯುವುದು ಶುದ್ಧ ಮಾಡಿದ ಕೋಣೆಯೊಳಗೆ, ಬಯಲಿನಲ್ಲಲ್ಲ.

ಹೊಸ ವಿಧಾನಕ್ಕೆ ಹಣ್ಣಾದ ಪೊರೆಯೇ ಕಷ್ಟ. ಬಲಿತಷ್ಟೂ ಗಟ್ಟಿ, ಗಟ್ಟಿಯಾದಷ್ಟೂ ಒಡೆಯಲು ಹೆಚ್ಚು ಶ್ರಮ, ಕಣ್ಣಿಗೆ ಹೆಚ್ಚು ಪೆಟ್ಟು. ಮಿತಿಮೀರಿ ಹಣ್ಣಾದ ಪೊರೆ ಕಣ್ಣೊಳಗೇ ಸೋರಿ, ಒತ್ತಡ ಏರಿ, ತಡೆಯಲಾರದ ನೋವು ಬಂದು ದೃಷ್ಟಿಯೇ ಹೋಗುವುದುಂಟು. ಹಾಗೆಂದು ಪೊರೆ ಕಂಡ ಕೂಡಲೇ ಕತ್ತರಿ ಹಾಕಿಸಬೇಕೆಂದೂ ಅಲ್ಲ. ಅಕ್ಕಿ ಆರಿಸಲು, ಪೇಪರ್ ಓದಲು, ಬಸ್ಸಿನ ಬೋರ್ಡು ಗುರುತಿಸಲು ತೊಂದರೆಯಾಯಿತೋ, ಆಗ ಡಾಕ್ಟರರು ನೋಡಿ ದಿನ ಗೊತ್ತು ಮಾಡಲಿ. ದಿನ ಗೊತ್ತು ಮಾಡಬೇಕಾದವರು ಅವರು, ಪಕ್ಕದ ಮನೆಯವರಲ್ಲ. ಇನ್ನು ಹನಿಮದ್ದು ಬಿಟ್ಟು ಪೊರೆ ಕರಗಿಸುತ್ತೇವೆ ಎನ್ನುವವರ ಮಾತಿಗೆ ಕಿವಿ ಕೊಡಬೇಡಿ. ಅಂಥ ಮದ್ದು ಇದುವರೆಗೆ ಬಂದಿಲ್ಲ.

ಪೊರೆಯಲ್ಲದ ಪೊರೆ

ಕಾಯುವುದರ ನಿಜವಾದ ಅಪಾಯ ಬೇರೆಡೆ ಇದೆ. ಮಂಜಾದದ್ದೆಲ್ಲ ಪೊರೆ ಎಂದು ಮನೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ಅದು ಗ್ಲಾಕೋಮಾ ಆಗಿದ್ದರೆ? ಕಣ್ಣಿನ ಒತ್ತಡದಿಂದ ನರ ಸವೆಯುವ ಈ ಕಾಯಿಲೆಯಲ್ಲಿ ಹೆಚ್ಚಿನವರಿಗೆ ನೋವಿಲ್ಲ, ಕೆಂಪಿಲ್ಲ. ಮೊದಲು ಹೋಗುವುದು ಬದಿಯ ದೃಷ್ಟಿ. ನೇರ ನೋಡಿದರೆ ಎಲ್ಲ ಸರಿ; ಹೆದ್ದಾರಿ ದಾಟುವಾಗ ಬದಿಯಿಂದ ಬರುವ ಲಾರಿ ಮಾತ್ರ ಕಾಣದು! ಚತುಷ್ಪಥ ಆದ ಮೇಲೆ ಸಾಲಿಗ್ರಾಮದಲ್ಲಿ ರಸ್ತೆ ದಾಟುವ ಹಿರಿಯರ ಫಜೀತಿ ಬಸ್ಸಿಗೆ ಕಾಯುವವರಿಗೆ ಹೊಸದಲ್ಲ. ಪೊರೆಯಿಂದ ಹೋದ ದೃಷ್ಟಿಯನ್ನು ಆಪರೇಶನ್ ಮರಳಿ ತರಬಹುದು. ಗ್ಲಾಕೋಮಾದಿಂದ ಹೋದದ್ದು ಹೋದದ್ದೇ, ಉಳಿದದ್ದನ್ನು ಕಾಪಾಡಬಹುದಷ್ಟೆ. ನಲ್ವತ್ತು ದಾಟಿದವರು, ಅದರಲ್ಲೂ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದವರು, ಕಣ್ಣು ಚೆನ್ನಾಗಿ ಕಂಡರೂ ಪರೀಕ್ಷೆ ಮಾಡಿಸಬೇಕು ಎನ್ನುವುದು ಇದಕ್ಕೇ. ಸಕ್ಕರೆ ಕಾಯಿಲೆಯವರದ್ದೂ ಇದೇ ಕಥೆ. ಹಿಂಬದಿಯ ಪರದೆ ಹಾಳಾಗತೊಡಗಿದರೂ ಬಹಳ ದಿನ ಏನೂ ಗೊತ್ತಾಗದು. ಅವರಿಗೆ ವರ್ಷಕ್ಕೊಂದು ಪರೀಕ್ಷೆ ಬೇಕೇ ಬೇಕು.

ಮಕ್ಕಳ ವಿಷಯದಲ್ಲಿ ಕಾಯುವುದಕ್ಕೆ ಇನ್ನೊಂದು ಹೆಸರು ಅದೃಷ್ಟ! ಮೆಳ್ಳೆಗಣ್ಣು ಲಕ್ಷಣವಂತೆ, ದೊಡ್ಡವನಾದರೆ ತಾನೇ ಸರಿಯಾಗುತ್ತದಂತೆ. ಮೆದುಳು ಆ ಕಣ್ಣನ್ನು ಬಳಸುವುದನ್ನೇ ಬಿಟ್ಟುಬಿಟ್ಟರೆ ಆಮೇಲೆ ಕನ್ನಡಕ ಹಾಕಿದರೂ ಅದು ಮಂದವೇ. ಇದಕ್ಕೆ ಚಿಕಿತ್ಸೆಯ ಸಮಯ ಎಳೆಯ ವಯಸ್ಸು. ಕನ್ನಡಕ ಹಾಕಿದರೆ ನಂಬರು ಏರುತ್ತದೆ ಎಂದು ಶಾಲೆಯ ಹುಡುಗಿಯ ಕನ್ನಡಕವನ್ನು ಪೆಟ್ಟಿಗೆಯಲ್ಲಿಡುವ ತಾಯ್ತಂದೆಯರೂ ಇದ್ದಾರೆ. ಮದುವೆಗೆ ಅಡ್ಡಿ ಬೇರೆ! ನಂಬರು ಏರುವುದು ಮಗು ಬೆಳೆಯುವುದರಿಂದ, ಕನ್ನಡಕದಿಂದಲ್ಲ. ಬೋರ್ಡು ಕಾಣದೆ ಹಿಂದೆ ಬಿದ್ದ ಹುಡುಗಿಯನ್ನು ದಡ್ಡಿ ಎನ್ನುವುದು ಯಾವ ನ್ಯಾಯ?

ಅಂಗಡಿ ಹನಿಮದ್ದು

ಇನ್ನು ಕೊಯ್ಲಿನ ಹೊತ್ತು. ಭತ್ತದ ಎಲೆಯೋ ಹೊಟ್ಟೋ ಕಣ್ಣಿಗೆ ತಾಗುತ್ತದೆ. ಮೊದಲು ನಂದಿಬಟ್ಟಲು ಹೂವಿನ ರಸ, ಇಲ್ಲವೇ ಎದೆಹಾಲು. ಗುಣವಾಗದಿದ್ದರೆ ಮೆಡಿಕಲ್ ಶಾಪಿಗೆ ಹೋಗಿ "ಕಣ್ಣಿಗೆ ಒಂದು ಡ್ರಾಪ್ಸ್ ಕೊಡಿ." ಎಲೆಯ ಗೀರಿನಲ್ಲಿ ಬೂಷ್ಟು ಬೆಳೆದು ಕರಿಗುಡ್ಡೆಯಲ್ಲಿ ಹುಣ್ಣಾಗುವುದುಂಟು. ಅಂಥ ಕಣ್ಣಿಗೆ ಸ್ಟಿರಾಯ್ಡ್ ಇರುವ ಹನಿಮದ್ದು ಬಿಟ್ಟರೆ ಕೆಂಪು ಇಳಿದಂತೆ ಕಾಣುತ್ತದೆ, ಹುಣ್ಣು ಮಾತ್ರ ಒಳಗೊಳಗೇ ಕೊರೆಯುತ್ತದೆ. ತಿಂಗಳುಗಟ್ಟಲೆ ಬಳಸಿದರೆ ಅದೇ ಮದ್ದಿನಿಂದ ಪೊರೆಯೂ ಬರಬಹುದು, ಕಣ್ಣಿನ ಒತ್ತಡವೂ ಏರಬಹುದು. ಚೀಟಿಯಿಲ್ಲದೆ ಅದನ್ನು ಕೊಡದಿರುವುದು ಅಂಗಡಿಯವರ ಧರ್ಮ, ಕಾನೂನು ಕೂಡ. ಗಿರಾಕಿಯ ಮುಖ ನೋಡಿ ಇಲ್ಲ ಎನ್ನಲು ಸಂಕೋಚ ನಿಜ. ಆದರೆ ಒಂದು ಡ್ರಾಪ್ಸಿನ ವ್ಯಾಪಾರ ಹೋದರೆ ಅಂಗಡಿ ಮುಳುಗುತ್ತದೆಯೇ?

ಕರಕೊಂಡು ಹೋಗುವವರು ಯಾರು?

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಟು ಸತ್ಯವನ್ನೂ ಆಡಿಬಿಡಬೇಕು. "ಹಣ್ಣಾಗಲಿ" ಎನ್ನುವ ಎಲ್ಲರೂ ತಿಳಿಯದೆ ಹೇಳುವವರಲ್ಲ. ಮಗ ಬೆಂಗಳೂರಿನ ಹೋಟೆಲಿನಲ್ಲಿ, ಮಗಳು ಗಂಡನ ಮನೆಯಲ್ಲಿ, ಸೊಸೆಗೆ ಮಕ್ಕಳ ಶಾಲೆ. ಪರೀಕ್ಷೆಗೆ ಹೋದರೆ ಕಣ್ಣಿಗೆ ಹನಿ ಬಿಟ್ಟು ಪಾಪೆ ಅಗಲಿಸುತ್ತಾರೆ. ಕೆಲವು ಗಂಟೆ ಕಣ್ಣು ಮಬ್ಬು. ಒಬ್ಬರೇ ಬಸ್ಸು ಹತ್ತಿ ಬರುವಂತಿಲ್ಲ. ಆಪರೇಶನ್ ಎಂದರೆ ಜೊತೆಗೊಬ್ಬರು, ಆಮೇಲೆ ವಾರಗಟ್ಟಲೆ ಹೊತ್ತುಹೊತ್ತಿಗೆ ಹನಿ ಬಿಡಲೂ ಒಬ್ಬರು. ಆ ಒಬ್ಬರು ಸಿಗದ ಮನೆಯಲ್ಲಿ ಪೊರೆ ಎಂದಿಗೂ ಹಣ್ಣಾಗುವುದಿಲ್ಲ! ಹಿರಿಯರೂ ಅಷ್ಟೆ: "ನನಗೆ ಇಷ್ಟು ಕಂಡರೆ ಸಾಕು ಮಾರಾಯ, ನಿಮಗೆಲ್ಲ ಎಂತಕೆ ಉಪದ್ರ" ಎನ್ನುತ್ತಾರೆ. ಅದು ತೃಪ್ತಿಯ ಮಾತಲ್ಲ, ಸಂಕೋಚದ ಮಾತು.

ದುಡ್ಡಿನ ನೆಪ ಪೂರ್ತಿ ನಿಲ್ಲದು. ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಗಳಲ್ಲಿ ಪೊರೆ ಆಪರೇಶನ್ ಉಚಿತ. ಇತ್ತ ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಅತ್ತ ಕುಂದಾಪುರದ ತಾಲೂಕು ಆಸ್ಪತ್ರೆ. ಎರಡು ದಿಕ್ಕಿಗೂ ಸಾಲಿಗ್ರಾಮದಿಂದ ಬಸ್ಸಿಗೆ ಬರವಿಲ್ಲ. ಬರ ಇರುವುದು ಜೊತೆಗೆ ಹೋಗುವ ಜನಕ್ಕೆ.

ಆದ್ದರಿಂದ ಶಿಬಿರದ ಬ್ಯಾನರು ಕಟ್ಟಿ, ಫೋಟೋ ತೆಗೆಸಿಕೊಂಡರೆ ಕೆಲಸ ಮುಗಿಯಲಿಲ್ಲ. ಪಟ್ಟಣ ಪಂಚಾಯತು, ಯುವಕ ಮಂಡಲ, ಮಹಿಳಾ ಮಂಡಲಗಳು ವಾರ್ಡಿಗೆ ಇಬ್ಬರನ್ನು ಗೊತ್ತು ಮಾಡಲಿ. ತಿಂಗಳಿಗೆ ಎರಡು ದಿನ, ಒಂಟಿ ಹಿರಿಯರನ್ನು ಕಣ್ಣಾಸ್ಪತ್ರೆಗೆ ಕರಕೊಂಡು ಹೋಗಿ ಮನೆ ಬಾಗಿಲಿಗೆ ಬಿಡುವ ಕೆಲಸ. ಇದಕ್ಕೆ ದೊಡ್ಡ ಹಣ ಬೇಡ, ಬಸ್ ಚಾರ್ಜು ಸಾಕು.

ಯಾರ ಕಣ್ಣು ಹೋಗುತ್ತಿದೆ ಎಂಬುದು ಮನೆಯವರಿಗಿಂತ ಮೊದಲು ಗೊತ್ತಾಗುವುದು ಅಂಗಡಿಯವರಿಗೆ ಮತ್ತು ಕಂಡಕ್ಟರಿಗೆ. ನೋಟನ್ನು ಕಣ್ಣ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡುವವರು, ಹತ್ತರ ಬದಲು ನೂರು ಕೊಡುವವರು, ಪ್ರತಿ ಬಸ್ಸಿಗೂ "ಇದು ಎಲ್ಲಿಗೆ ಹೋಪುದು?" ಎಂದು ಕೇಳುವವರು. ಇವರನ್ನು ನೋಡಿ ಗೊಣಗುವ ಬದಲು "ಅಮ್ಮ, ಕಣ್ಣು ತೋರ್ಸಿದ್ರಾ?" ಎಂದು ಒಂದು ಮಾತು ಕೇಳಿ. ಮನೆಯವರು ಪೇಟೆಗೆ ಬಂದಾಗ ಅವರ ಕಿವಿಗೂ ಹಾಕಿ.

ಹಲಸು ಹಣ್ಣಾದರೆ ಪರಿಮಳ ಊರಿಗೆಲ್ಲ ತಿಳಿಯುತ್ತದೆ. ಕಣ್ಣು ಹೋಗುವುದು ಸದ್ದಿಲ್ಲದೆ. ಕೇಳುವವರು ಮೊದಲೇ ಕೇಳಬೇಕು.