ಲೋಕಮಹಾದೇವಿಯ ಗುಡಿ, ನಮ್ಮ ಸ್ಟೌ

ಪ್ರವಾಸವೆಂದರೆ ಮನೆಯವರಿಗೆಲ್ಲ ಊರು ಬದಲು. ನಮಗೆ ಬರೀ ಒಲೆ ಬದಲು. ಬಾದಾಮಿಯ ಛತ್ರದಲ್ಲಿ ಇಳಿದ ಎಂಟು ಜನರಲ್ಲಿ ಗುಹೆ ಕಂಡವರು ಆರೇ. ನಾನೂ ಓರಗಿತ್ತಿಯೂ ಚಿತ್ರಾನ್ನ ಕಲಸುತ್ತಿದ್ದೆವು. ಹೋಟೆಲ್ ಊಟ ದುಡ್ಡಿಗೆ ದಂಡವಂತೆ! ಕಾರಿನ ಪೆಟ್ರೋಲು ದಂಡವಲ್ಲ. ಅದನ್ನು ಪುಕ್ಕಟೆ ಕೊಡುವವರಿಲ್ಲವಲ್ಲ.

ಮರುದಿನ ಹಟ ಹಿಡಿದು ಪಟ್ಟದಕಲ್ಲಿಗೆ ಹೊರಟೆ. ಅಲ್ಲಿಯ ವಿರೂಪಾಕ್ಷ ದೇವಾಲಯವನ್ನು 8ನೆಯ ಶತಮಾನದಲ್ಲಿ ಕಟ್ಟಿಸಿದವಳು ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ. ಪಕ್ಕದ ಮಲ್ಲಿಕಾರ್ಜುನ ಗುಡಿ ಅವಳ ಸೋದರಿ ತ್ರೈಲೋಕ್ಯಮಹಾದೇವಿಯದು. 1987ರಲ್ಲಿ ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹೆಂಗಸರು ಕಟ್ಟಿಸಿದ್ದನ್ನು ಕಾಣಲು ಹೆಂಗಸರಿಗೇ ಪುರುಸೊತ್ತಿಲ್ಲವೆಂದರೆ ಯಾವ ನ್ಯಾಯ?

ಅಕ್ಕತಂಗಿಯರೇ, ಮುಂದಿನ ಸಲ ಸ್ಟೌ ಕಟ್ಟಬೇಡಿ. ಖಾನಾವಳಿಯಲ್ಲಿ ಬಿಸಿ ರೊಟ್ಟಿ ಸಿಗುತ್ತದೆ. ಅದೂ ಬೇಡವೆನ್ನುವವರು ತಾವೇ ಅನ್ನಕ್ಕಿಡಲಿ. ಅಷ್ಟರಲ್ಲಿ ನಾವು ಗುಡಿ ನೋಡಿ ಬರೋಣ.