ಸಲಹೆಗಾರರ ಹೆಸರು, ಕಾರ್ಯದರ್ಶಿಯ ಹೊಣೆ

ವಿದ್ಯಾರ್ಥಿ ಸಂಘಗಳ ಆಮಂತ್ರಣ ಪತ್ರಿಕೆಗಳಲ್ಲಿ ಕಾರ್ಯಕ್ರಮದ ವಿವರಕ್ಕಿಂತ ಸಲಹಾ ಮಂಡಳಿಯ ಪಟ್ಟಿಯೇ ದೀರ್ಘವಾಗುತ್ತಿದೆ. ಉದ್ಯಮಿಗಳು, ಶಾಸಕರು, ಸಂಸದರು ನಮ್ಮ ಮಕ್ಕಳ ಬೆನ್ನಿಗಿದ್ದಾರೆಂಬುದು ಸಂತೋಷದ ಸಂಗತಿಯೇ. ಆದರೆ ಅವರ ಹೊಣೆಯೇನು?

ಮುಂಬಯಿ, ಪುಣೆಗಳಲ್ಲಿ ಇಂಥ ಸಂಘಗಳು ಸಾಮಾನ್ಯವಾಗಿ 1860ರ ಸಂಘಗಳ ನೋಂದಣಿ ಕಾಯ್ದೆ ಹಾಗೂ ಮಹಾರಾಷ್ಟ್ರದ 1950ರ ಸಾರ್ವಜನಿಕ ನ್ಯಾಸ ಕಾಯ್ದೆಗಳ ಅಡಿಯಲ್ಲಿ ನೋಂದಣಿಯಾಗುತ್ತವೆ. ಲೆಕ್ಕಪತ್ರಕ್ಕೆ ಉತ್ತರಿಸಬೇಕಾದವರು ಧರ್ಮದರ್ಶಿಗಳು, ಪದಾಧಿಕಾರಿಗಳು. ಕೇವಲ ಸಲಹೆಗಾರರಾದವರು ಜಮಾಖರ್ಚಿಗೆ ಸಹಿ ಹಾಕುವುದಿಲ್ಲ. ದಾನಿಯಾದರೋ ಆ ಹೆಸರುಗಳನ್ನೇ ನಂಬಿ ಹಣ ಕೊಡುತ್ತಾನೆ. ಲೆಕ್ಕ ತಪ್ಪಿದರೆ ಪ್ರಶ್ನೆ ಎದುರಿಸುವವನು ಇಪ್ಪತ್ತೆರಡು ವರ್ಷದ ಕಾರ್ಯದರ್ಶಿ. ಚುನಾವಣೆ ಬಂದಾಗ ಸಂಘದ ವಿದ್ಯಾರ್ಥಿಗಳು ಸಲಹೆಗಾರರ ಪ್ರಚಾರಸಭೆಯ ಕುರ್ಚಿ ತುಂಬಬೇಕಾದರೆ, ಯಾರ ಋಣ ಯಾರ ಮೇಲಿದೆಯೆಂದೂ ಕೇಳಬೇಕಾಗುತ್ತದೆ.

ಕುಂಭೋಜದ ಜೈನ ಮನೆತನದಲ್ಲಿ ಹುಟ್ಟಿದ ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಸತಾರದ ವಸತಿನಿಲಯದ ಮಕ್ಕಳ ಊಟಕ್ಕಾಗಿ ಪತ್ನಿ ಲಕ್ಷ್ಮೀಬಾಯಿಯವರು ತಮ್ಮ ಒಡವೆಗಳನ್ನೂ ಕೊನೆಗೆ ಮಾಂಗಲ್ಯವನ್ನೂ ಕೊಟ್ಟರು. ಅಲ್ಲಿ ಹೆಸರಿಗಿಂತ ಮೊದಲು ಹೊಣೆ ಬಂದಿತ್ತು.

ಆದ್ದರಿಂದ ಸಂಘಗಳು ಮೂರು ನಿಯಮಗಳನ್ನು ಬರೆದಿಡಲಿ. ಸಲಹೆಗಾರರ ಅವಧಿ ಎರಡು ವರ್ಷ. ಆ ಅವಧಿಯಲ್ಲಿ ಅವರು ವಿದ್ಯಾರ್ಥಿಗಳಿಗೆ ಎಷ್ಟು ಗಂಟೆ ಕೊಟ್ಟರೆಂಬುದು ವಾರ್ಷಿಕ ವರದಿಯಲ್ಲಿರಲಿ. ಅವರ ದೇಣಿಗೆಯೂ, ಅವರ ಉದ್ಯಮಗಳಿಗೆ ಸಂಘ ಕೊಟ್ಟ ಹಣವೂ ಮಹಾಸಭೆಯ ಮುಂದೆ ಬರಲಿ. ಚುನಾವಣೆಗೆ ನಿಂತವರು ಫಲಿತಾಂಶದವರೆಗೆ ಮಂಡಳಿಯಿಂದ ದೂರವಿರಲಿ. ಇದಕ್ಕೆ ಒಪ್ಪದವರ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಸಂಘಕ್ಕೆ ನಷ್ಟವೇನೂ ಇಲ್ಲ.